ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಮಂಡ್ಯ ಸೀಮೆಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕುಲಪತಿಗಳು,
ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ.

ಮಾನ್ಯರೇ,

ಮೈಸೂರು, ಬೆಂಗಳೂರು, ಕರ್ನಾಟಕ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಸಂಯೋಜನೆಗೆ, ಎಂದರೆ ಒಂದೇ ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿಯ ವ್ಯವಸ್ಥೆಗೆ, ತರಲೆಂದು ತಮ್ಮ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾಯಿತು. ಆದರೆ ಈ ವಿದ್ಯೆ ನಾಡಿಗೆ ಏಕೆ ಬೇಕೆಂಬುದನ್ನು ತೋರಿಸಿಕೊಟ್ಟ ಕಾಮಗಾರಿಗಳು ಅದಕ್ಕೂ ಬಹಳ ಹಿಂದೆ, ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ನಡೆದವು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅದರ ವಿದ್ಯುತ್ ಯಂತ್ರಗಳು ಅಮೆರಿಕದಿಂದ ಬಂದವು. ಬೇಸಿಗೆಯಲ್ಲೂ ಆ ಕೇಂದ್ರಕ್ಕೆ ನೀರು ತಪ್ಪದಂತೆ ಮಾಡುವುದು ಮತ್ತು ಬಯಲುಸೀಮೆಗೆ ನೀರಾವರಿ ಒದಗಿಸುವುದು ಎಂಬ ಎರಡು ಉದ್ದೇಶಗಳಿಂದ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅದರ ಶಿಲ್ಪಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಕೆಲಸವೇ ಮೊದಲು ಬಂದು, ಅದನ್ನು ನಡೆಸಬಲ್ಲವರನ್ನು ಇಲ್ಲಿಯೇ ತಯಾರುಮಾಡುವ ಶಾಲೆ ಅದರ ಬೆನ್ನಿಗೆ ಬಂದದ್ದೇ ಈ ಚರಿತ್ರೆಯ ತಿರುಳು.

ಕನ್ನಂಬಾಡಿ ಕಟ್ಟೆಯಿಂದ ಹೊರಟು ಹುಲಿಕೆರೆಯ ಸುರಂಗವನ್ನು ಹಾಯ್ದ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರು ತಂದಿತು; ಕಬ್ಬು ಬೆಳೆಯಿತು; 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು. 1962ರಲ್ಲಿ ಕೆ.ವಿ. ಶಂಕರಗೌಡರ ನೇತೃತ್ವದಲ್ಲಿ ಅದೇ ಊರಿನಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತೆರೆದು, ರೈತರ ಮಕ್ಕಳಿಗೆ ಈ ವಿದ್ಯೆ ಮನೆಯ ಹತ್ತಿರವೇ ದೊರೆಯುವಂತಾಯಿತು. ಈಗ ಆ ಕಾಲೇಜು ಸ್ವಾಯತ್ತವಾಗಿದೆ, ಅಂದರೆ ಪಠ್ಯ ಮತ್ತು ಪರೀಕ್ಷೆಗಳನ್ನು ತಾನೇ ರೂಪಿಸಿಕೊಳ್ಳುತ್ತದೆ. ಪದವಿ ಮಾತ್ರ ತಮ್ಮ ವಿಶ್ವವಿದ್ಯಾಲಯದ್ದು.

ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವರನ್ನು ಭಾವಚಿತ್ರ ಮತ್ತು ಜಯಂತಿಗಳಲ್ಲಿ ಗೌರವಿಸಿದರೆ ಸಾಲದು. ಅವರ ಕೆಲಸವನ್ನು ವಿದ್ಯಾರ್ಥಿಗಳು ಅಳೆದು, ಲೆಕ್ಕಹಾಕಿ, ಪ್ರಶ್ನಿಸಿ ಕಲಿಯಬೇಕು. ಆದ್ದರಿಂದ ಪ್ರತಿ ಕಾಲೇಜಿನಲ್ಲೂ ತನ್ನ ಜಿಲ್ಲೆಯ ಒಂದು ಕಾಮಗಾರಿಯ ಚರಿತ್ರೆ ಮತ್ತು ಇಂದಿನ ಸ್ಥಿತಿಯ ಅಧ್ಯಯನವನ್ನು ಪದವಿಯ ಕಡ್ಡಾಯ ಭಾಗವಾಗಿಸಬೇಕು. ಹಳೆಯ ನಕ್ಷೆ, ವರದಿಗಳನ್ನು ಸಂಗ್ರಹಿಸಿ ಕನ್ನಡದ ವಿವರಣೆಯೊಂದಿಗೆ ಪ್ರಕಟಿಸಬೇಕು. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಏಕೆ ತಲುಪುವುದಿಲ್ಲವೆಂಬ ಮದ್ದೂರು, ಮಳವಳ್ಳಿಯ ರೈತರ ಪ್ರಶ್ನೆಗೆ ಇಲ್ಲಿ ಓದಿದ ಎಂಜಿನಿಯರ್ ಉತ್ತರಿಸುವಂತಾಗಬೇಕು. ಈ ನಿರ್ಧಾರ ತಮ್ಮ ಅಧಿಕಾರದ ಕಾಲದಲ್ಲಿಯೇ ಆಗಲಿ ಎಂಬುದು ಈ ಸೀಮೆಯ ವಿನಂತಿ.

ಇತಿ,
ಮಂಡ್ಯ ಜಿಲ್ಲೆಯ ನಾಗರಿಕರ ಪರವಾಗಿ