ಪಕ್ಷ ಹಿಡಿದ ರಾಯಭಾರಿ

ವಿದೇಶಾಂಗ ನೀತಿಯ ಚರ್ಚೆ ಎಲ್ಲಿ ನಡೆದರೂ ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ನೆಹರೂ ಕಾಲದವರು ಆದರ್ಶದ ಭಾಷಣ ಮಾಡುತ್ತ ದೇಶದ ಲಾಭ ಮರೆತರು, ರಾಯಭಾರಿಗೆ ವ್ಯವಹಾರ ಗೊತ್ತಿದ್ದರೆ ಸಾಕು, ಹೋದ ಊರಿನ ನ್ಯಾಯ ಅನ್ಯಾಯ ಅವನಿಗೇಕೆ? ಈ ಮಾತು ಎಷ್ಟು ತೆಳುವೆಂದು ತಿಳಿಯಲು ಅಪ್ಪಾ ಪಂತರ ನೈರೋಬಿಯ ವರ್ಷಗಳನ್ನು ನೋಡಬೇಕು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವನನ್ನು ಇನ್ನೊಬ್ಬರ ವಸಾಹತಿಗೆ ಕಳಿಸಿ, ಅಲ್ಲಿ ತಟಸ್ಥನಾಗಿರು ಎಂದರೆ ಆಳುವವನ ಕಡೆಗಿರು ಎಂದಂತೆಯೇ. ಇದು ನನ್ನ ಖಚಿತ ಅಭಿಪ್ರಾಯ.

ಪಂತರು ಔಂಧ್ ಸಂಸ್ಥಾನದ ರಾಜಕುಮಾರ. ಸಾತಾರಾ, ಸಾಂಗ್ಲಿ ಕಡೆ ಚದುರಿದ್ದ ಪುಟ್ಟ ಸಂಸ್ಥಾನ ಅದು; ಅದರ ಒಂದು ತುಣುಕು ನಮ್ಮ ವಿಜಯಪುರ ಜಿಲ್ಲೆಯ ಗುಣದಾಳ. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಈ ಮಗನೂ, ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸುತ್ತಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ನರೂ ಮುಂದೆ ನಿಂತರು. ಗಾಂಧೀಜಿ ಸಲಹೆ ಕೊಟ್ಟರು. 1939ರಲ್ಲಿ ಹೊಸ ಸಂವಿಧಾನ ಬಂದು ಅಧಿಕಾರ ಹಳ್ಳಿಯ ಪಂಚಾಯಿತಿಗಳ ಕೈಸೇರಿತು. ಮನೆತನದ ಅಧಿಕಾರವನ್ನು ತಾವೇ ಬಿಟ್ಟುಕೊಡಿಸಿದ ಈ ಮನುಷ್ಯನನ್ನು ನೆಹರೂ 1948ರಲ್ಲಿ ಬ್ರಿಟಿಷ್ ಪೂರ್ವ ಆಫ್ರಿಕಕ್ಕೆ ಭಾರತದ ಮೊದಲ ಕಮಿಷನರ್ ಆಗಿ ಕಳಿಸಿದರು.

ಎಂಥ ಊರಿಗೆ? ಬ್ರಿಟಿಷರ ಕೀನ್ಯಾದ ನೈರೋಬಿಗೆ. ಅಲ್ಲಿ ದಶಕಗಳ ಕಾಲ ಆಫ್ರಿಕನ್ ಗಂಡಸಿನ ಕೊರಳಲ್ಲಿ ಕಿಪಾಂಡೆ ತೂಗುತ್ತಿತ್ತು. ದಾರಕ್ಕೆ ಕಟ್ಟಿದ ಸಣ್ಣ ತಗಡಿನ ಡಬ್ಬಿ. ಅದರೊಳಗೆ ಬೆರಳಚ್ಚು ಒತ್ತಿದ ಕಾಗದ. ಯಾವ ಧಣಿಯ ಹತ್ತಿರ ದುಡಿದ, ಸಂಬಳವೆಷ್ಟು ಎಂಬ ಬರಹ. ಧಣಿ ಸಹಿ ಹಾಕದೆ ಕೆಲಸ ಬಿಟ್ಟರೆ ಅಪರಾಧ. ಎತ್ತರದ ಫಲವತ್ತಾದ ಭೂಮಿಯೆಲ್ಲ ಬಿಳಿಯರಿಗೆ ಮೀಸಲು. ಆ ಡಬ್ಬಿ ಹೊತ್ತು ಬೆಳೆದ ಜನ ಮನೆಗೆ ಬಂದು ಕೂತಾಗ ಪಂತರು ಏನು ಮಾಡಬೇಕಿತ್ತು? ಗವರ್ನರನ ಔತಣಕೂಟದಲ್ಲಿ ಬೆರೆತು, ಇವರಿಗೆ ಬಾಗಿಲು ಹಾಕಬೇಕಿತ್ತೇ? ಅವರು ಬಾಗಿಲು ತೆರೆದರು. ಭಾರತದಲ್ಲಿ ಓದಲು ಆಫ್ರಿಕನ್ ಹುಡುಗರಿಗೆ ವಿದ್ಯಾರ್ಥಿವೇತನ ಸಿಗುವಂತೆ ನೋಡಿಕೊಂಡರು.

ಇಲ್ಲಿ ಗೌರವಿಸಲೇಬೇಕಾದ ಆಕ್ಷೇಪವೊಂದಿದೆ. ಕೀನ್ಯಾದ ಮೂಲೆಮೂಲೆಯಲ್ಲಿ ಅಂಗಡಿ ಇಟ್ಟಿದ್ದ ಗುಜರಾತಿಗಳು, ಪಂಜಾಬಿಗಳು ಬಿಳಿಯರು ಮತ್ತು ಆಫ್ರಿಕನ್ನರ ನಡುವೆ ಸಿಕ್ಕಿಕೊಂಡಿದ್ದರು. ಆಫ್ರಿಕನ್ನರ ಹಿತವನ್ನು ಬಲಿಕೊಟ್ಟು ನಿಮಗೆ ಸವಲತ್ತು ಕೇಳುವುದಿಲ್ಲ ಎಂದು ನೆಹರೂ ಹೇಳಿದಾಗ ಅವರು ಕೈಬಿಟ್ಟಂತೆ ಕಂಗಾಲಾದದ್ದು ಸಹಜ. ಅರವತ್ತರ ದಶಕದ ಕೊನೆಯಲ್ಲಿ ಕೀನ್ಯಾದಿಂದ ಸಾವಿರಾರು ಏಷ್ಯನ್ನರು ಗಂಟುಮೂಟೆ ಕಟ್ಟಿದರು. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರನ್ನು ಓಡಿಸಿಯೇಬಿಟ್ಟ. ಪಂತರ ಸ್ನೇಹ ಇವರನ್ನು ಕಾಯಲಿಲ್ಲ, ನಿಜ. ಆದರೆ ಬಿಳಿಯರ ನೆರಳಲ್ಲಿ ನಿಂತಿದ್ದರೆ ಕಾಯುತ್ತಿತ್ತೇ? ಬಿಳಿಯರೇ ಹೊರಟ ಮೇಲೆ ಆ ನೆರಳಾದರೂ ಎಲ್ಲಿರುತ್ತಿತ್ತು?

ಪಿಯೊ ಗಾಮಾ ಪಿಂಟೊ ಇಲ್ಲಿ ನೆನಪಾಗುತ್ತಾರೆ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದವರು. ಧಾರವಾಡದವರಿಗೇ ಇದು ಗೊತ್ತಿರುವುದು ಕಡಿಮೆ; ಗೊತ್ತಿರಬೇಕು. ಕೀನ್ಯಾಕ್ಕೆ ಮರಳಿ ಪತ್ರಿಕೆ ನಡೆಸಿದರು, ಕಾರ್ಮಿಕರನ್ನು ಕಟ್ಟಿದರು, ಬ್ರಿಟಿಷರ ವಿರುದ್ಧ ಕಾಡು ಸೇರಿದ್ದ ಮೌ ಮೌ ಹೋರಾಟಗಾರರಿಗೆ ಗುಟ್ಟಾಗಿ ನೆರವು ತಲುಪಿಸಿದರು. 1954ರಲ್ಲಿ ಬ್ರಿಟಿಷರು ಅವರನ್ನು ಹಿಡಿದು ಮಾಂಡಾ ದ್ವೀಪಕ್ಕೆ ಅಟ್ಟಿದರು; ಪೂರ್ತಿ ಬಿಡುಗಡೆಯಾದದ್ದು 1959ರಲ್ಲಿ. ಸ್ವತಂತ್ರ ಕೀನ್ಯಾದ ಸಂಸತ್ ಸದಸ್ಯರಾದರು. ಭೂಮಿ ಬಡವರಿಗೆ ಸೇರಬೇಕೆಂದು ಹೊಸ ಆಳುವವರನ್ನೂ ಕಾಡಿದರು. 1965ರ ಫೆಬ್ರವರಿ 24ರಂದು ಮನೆಯೆದುರೇ, ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗಳು ಕೂತಿರುವಾಗ, ಅವರನ್ನು ಗುಂಡಿಟ್ಟು ಕೊಂದರು. ಆಗ ಮೂವತ್ತೇಳು ವಯಸ್ಸು. ಇಂಥವರು ನೂರಾರು ಮಂದಿ ಇದ್ದಿದ್ದರೆ ಭಾರತೀಯರು ಅಲ್ಲಿ ಹೊರಗಿನವರಾಗಿ ಉಳಿಯುತ್ತಿದ್ದರೇ?

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣ. ಗಾಂಧಿಯ ಅನುಯಾಯಿ ಮೌ ಮೌ ದಂಗೆಯ ಕಾಲದಲ್ಲಿ, ಅದರ ಮುಂಚೂಣಿಯಲ್ಲಿದ್ದ ಕಿಕೂಯು ಜನರ ಕಡೆ ವಾಲಬಹುದೇ? ಆ ಹೋರಾಟಗಾರರು ತಮ್ಮವರನ್ನೇ, ಹೆಂಗಸರು ಮಕ್ಕಳೆನ್ನದೆ, ಕೊಂದದ್ದುಂಟು. ಅದನ್ನು ಮುಚ್ಚಿಡಬಾರದು. ಆದರೆ 1952ರ ಅಕ್ಟೋಬರಿನಲ್ಲಿ ತುರ್ತುಸ್ಥಿತಿ ಹೇರಿದ ಸರ್ಕಾರ ಸಾವಿರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿತು, ಊರಿಗೆ ಊರನ್ನೇ ಶಿಬಿರಗಳಿಗೆ ತುಂಬಿತು. ಹಿಂಸೆಯನ್ನು ಒಪ್ಪದವನು ಈ ಹಿಂಸೆಯ ಎದುರು ಬಾಯಿ ಮುಚ್ಚಿಕೊಂಡಿದ್ದರೆ ಅದು ಯಾವ ಅಹಿಂಸೆ? ಮೌ ಮೌ ನಡೆಸಿದ ಆರೋಪದ ಮೇಲೆ ಕೀನ್ಯಾದ ನಾಯಕ ಜೋಮೊ ಕೆನ್ಯಾಟಾರ ವಿಚಾರಣೆ ಕಪೆಂಗೂರಿಯಾದಲ್ಲಿ ನಡೆದಾಗ ಅವರ ಪರ ವಾದಿಸಲು ಭಾರತದಿಂದ ದಿವಾನ್ ಚಮನ್ ಲಾಲ್ ಹೋದರು. ಅಹಿಂಸೆಯ ದೇಶ ಕಳಿಸಬೇಕಾದದ್ದು ವಕೀಲರನ್ನೇ.

ವಸಾಹತು ಸರ್ಕಾರ ಪಂತರ ಮೇಲೆ ದೂರಿನ ಮೇಲೆ ದೂರು ಕೊಟ್ಟಿತು. 1954ರಲ್ಲಿ ದೆಹಲಿ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಇದನ್ನು ಸೋಲೆಂದು ಎಣಿಸುವವರಿದ್ದಾರೆ. 2013ರಲ್ಲಿ ಬ್ರಿಟಿಷ್ ಸರ್ಕಾರವೇ ಅಂದಿನ ಚಿತ್ರಹಿಂಸೆಗೆ ವಿಷಾದ ಹೇಳಿ, ಬದುಕುಳಿದ 5,228 ಮಂದಿಗೆ ಸುಮಾರು 2 ಕೋಟಿ ಪೌಂಡ್ ಕೊಡಲು ಒಪ್ಪಿತು. ಅದಕ್ಕೆ ಅರವತ್ತು ವರ್ಷ ಮೊದಲೇ ನೊಂದವರ ಪಕ್ಕ ನಿಂತ ರಾಯಭಾರಿ ಅಪಚಾರ ಮಾಡಿದವನೇ? ಲಾಭದ ಲೆಕ್ಕ ಕೇಳುವವರು ಇಷ್ಟಕ್ಕೆ ಉತ್ತರಿಸಲಿ: 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾದಾಗ ಪ್ರಧಾನಿಯ ಕುರ್ಚಿಯಲ್ಲಿದ್ದದ್ದು ಅದೇ ಕೆನ್ಯಾಟಾ. ಪಂತರು ಗವರ್ನರನ ಮೆಚ್ಚುಗೆ ಗಳಿಸಿ ಹುದ್ದೆ ಉಳಿಸಿಕೊಂಡಿದ್ದರೆ, ಆ ದಿನ ಭಾರತಕ್ಕೆ ಅದರಿಂದ ಏನು ದಕ್ಕುತ್ತಿತ್ತು?