ಕಂತು ವಸೂಲಿ ಹುಡುಗರ ಮೇಲೆ ಎರಡು ಕಡೆಯ ಒತ್ತಡ: ಮೈಕ್ರೋ ಫೈನಾನ್ಸ್ ಕಾನೂನು ಬಂದ ಮೇಲೆ ಏನಾಯ್ತು?

ಬೆಳಗ್ಗೆ ಬೆನ್ನಿಗೆ ಬ್ಯಾಗ್, ಕೈಯಲ್ಲಿ ಟ್ಯಾಬ್ ಹಿಡಿದು ಹಳ್ಳಿ ಕಡೆ ಬೈಕ್ ಓಡಿಸುವ ಹುಡುಗರನ್ನು ನಮ್ಮ ತಾಲ್ಲೂಕಿನ ಟೀ ಅಂಗಡಿಯವರೆಲ್ಲ ಬಲ್ಲರು. ಇವರು ಮೈಕ್ರೋ ಫೈನಾನ್ಸ್ ಕಂಪನಿಗಳ ಫೀಲ್ಡ್ ಸಿಬ್ಬಂದಿ. ಹೆಚ್ಚಿನವರು ಪಿಯುಸಿ ಅಥವಾ ಡಿಗ್ರಿ ಓದಿದವರು, ಬೇರೆ ತಾಲ್ಲೂಕಿನವರು. ಸಾಲ ಕೊಡಿಸೋದೂ ಇವರೇ, ವಾರದ ಕಂತು ಕೇಳೋದೂ ಇವರೇ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದಾಗ ಬೈಗುಳವೆಲ್ಲ ಬಿದ್ದದ್ದು ಈ ಹುಡುಗರ ಮೇಲೆ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮಾರ್ಚ್‌ನಲ್ಲಿ ವಿಧಾನಮಂಡಲ ಮಸೂದೆ ಪಾಸ್ ಮಾಡಿತು. ಬಲವಂತದ ವಸೂಲಿಗೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೋಂದಣಿ, ಲೈಸೆನ್ಸ್ ಇಲ್ಲದವರು ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ.

ಒಳ್ಳೆಯದೇ. ಆದ್ರೆ ಮನೆ ಬಾಗಿಲಲ್ಲಿ ನಿಲ್ಲೋನು ಯಾರು? ಟಾರ್ಗೆಟ್ ಹಾಕುವ ಮ್ಯಾನೇಜರ್ ಹಳ್ಳಿಗೆ ಬರಲ್ಲ. ಗಲಾಟೆ ಆದ್ರೆ ಜನ ಮೊಬೈಲ್‌ನಲ್ಲಿ ವಿಡಿಯೋ ಹಿಡಿಯೋದು ಬೈಕ್ ಹುಡುಗನನ್ನ. ಕಂತು ಬರಲಿಲ್ಲ ಅಂದ್ರೆ ಸಂಜೆ ಬ್ರಾಂಚ್‌ನಲ್ಲಿ ಉತ್ತರ ಕೊಡಬೇಕಾದವನೂ ಅವನೇ. ಏಜೆಂಟರು ಮಾಡಿದ ತಪ್ಪಿಗೂ ಕಂಪನಿಯೇ ಹೊಣೆ ಅಂತ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತೆ, ಅದು ಊರಿನವರಿಗೆ ಗೊತ್ತಿರೋದು ಕಡಿಮೆ.

ಗಂಟು ಬಿದ್ದಿರೋದು ವಸೂಲಿಯಲ್ಲಿ ಅಲ್ಲ, ಅದಕ್ಕೂ ಮುಂಚೆ ಸಾಲ ಕೊಡುವಾಗ. 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲವೇ ಮೈಕ್ರೋ ಫೈನಾನ್ಸ್. ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದ್ರೆ ತಿಂಗಳಿಗೆ 16,000 ದುಡಿಯುವ ಮನೆಗೆ 8,000 ಗಡಿ. ಆ 16,000 ಅಂತ ಟ್ಯಾಬ್‌ನಲ್ಲಿ ಬರೆಯೋದು ಯಾರು? ಅದೇ ಹುಡುಗ. ಹೊಸ ಸಾಲ ಕೊಡಿಸಿದ್ರೆ ಇನ್ಸೆಂಟಿವ್ ಇದ್ದಾಗ ಕೂಲಿ ಮನೆಯ ಆದಾಯ ಕಾಗದದ ಮೇಲೆ ಏರೋದಕ್ಕೆ ಹೊತ್ತು ಬೇಕಿಲ್ಲ. ಕೈಸಾಲ, ಮೀಟರ್ ಬಡ್ಡಿ, ದಿನಸಿ ಅಂಗಡಿ ಉದ್ರಿ ಇವ್ಯಾವೂ ಅವನ ಸ್ಕ್ರೀನ್‌ಗೆ ಬರಲ್ಲ.

ಕಂಪನಿಗಳ ಒಕ್ಕೂಟವೇ 2025ರಿಂದ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕಂಪನಿ ಸಾಲ ಕೊಡಬಾರದು ಅಂತ ಮಿತಿ ಹಾಕಿಕೊಂಡಿದೆ. ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ತೆಗೆಯುತ್ತಿದ್ದ ಹೆಣ್ಮಕ್ಕಳಿಗೆ ಈಗ ಆ ದಾರಿ ಕಿರಿದಾಗಿದೆ. ಕಂತಿನ ಹಿಂದಿನ ದಿನ ದುಡ್ಡು ಹೊಂದಿಸೋಕೆ ಓಡಾಟ, ದಿನಸಿ ಅಂಗಡಿ ಲೆಕ್ಕ ಮುಂದಿನ ವಾರಕ್ಕೆ. ಅಂಗಡಿಯವರು ಇದನ್ನ ಬರೀ ಸಂಘದ ಸಾಲದ ಸಮಸ್ಯೆ ಅಂದುಕೊಂಡರೆ ತಪ್ಪು, ಅವರ ಉದ್ರಿ ಪುಸ್ತಕವೂ ಇದರೊಳಗೇ ಇದೆ.

ಹುಡುಗರೆಲ್ಲ ಸಾಚಾ ಅಂತಲ್ಲ. ರಾತ್ರಿ ಬಾಗಿಲು ಬಡಿಯೋದು, ಸಾಲ ಪಡೆಯದ ಸಂಬಂಧಿಕರಿಗೆ ಫೋನ್ ಮಾಡೋದು, ಗುಂಪಿನ ಬೇರೆ ಹೆಂಗಸರನ್ನು ಎತ್ತಿಕಟ್ಟಿ ಒಬ್ಬಳ ಮನೆ ಮುಂದೆ ಕೂರಿಸೋದು ನಡೆದಿದೆ. ನಿಯಮ ಮಾತ್ರ ಚೊಕ್ಕವಾಗಿದೆ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಕಂತು ಕಟ್ಟಬೇಕಾದ್ದು ಇಬ್ಬರೂ ಒಪ್ಪಿ ಗೊತ್ತು ಮಾಡಿದ ಜಾಗದಲ್ಲಿ. ಅಲ್ಲಿಗೆ ಸತತವಾಗಿ ಎರಡು ಸಲವಾದರೂ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ಬೈಗುಳ, ಬೆದರಿಕೆ, ಹೆಸರು ಬರೆದು ಅಂಟಿಸೋದು ಯಾವಾಗಲೂ ತಪ್ಪು.

ಸಿಬ್ಬಂದಿ ನೇಮಕ ಮಾಡುವಾಗ ಈ ನಿಯಮಗಳ ಬಗ್ಗೆ ತರಬೇತಿ ಕೊಡಬೇಕಾದ್ದು ಕಂಪನಿ. ಎಷ್ಟು ದಿನ ಕೊಟ್ರು, ಟಾರ್ಗೆಟ್ ಎಷ್ಟು ಅಂತ ಬ್ರಾಂಚ್‌ನವರನ್ನು ಅಧಿಕಾರಿಗಳು ಕೇಳಬೇಕು. ಕೇಸ್ ಹಾಕುವಾಗ ಬೈಕ್ ನಂಬರ್ ಜೊತೆ ಬ್ರಾಂಚ್ ಬೋರ್ಡನ್ನೂ ಬರೆದುಕೊಳ್ಳಲಿ.

ಕಿರುಕುಳ ಆದವರು ಪೊಲೀಸ್ ಠಾಣೆಗೆ ಹೋಗಬಹುದು, ದೂರು ತೆಗೆದುಕೊಳ್ಳಲ್ಲ ಅನ್ನೋ ಹಾಗಿಲ್ಲ. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ದೊಡ್ಡ ಕಂಪನಿಯಾದ್ರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಲೋನ್ ಕಾರ್ಡ್ ಮಾತ್ರ ಕಳ್ಕೋಬೇಡಿ.