ಖಾಡಿಯಾಚೆಯ ಊರು

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ಈಗೀಗ ಹೆಚ್ಚಾಗಿ ಕೇಳಿಬರುವ ಮಾತು ಮನೆ ಬದಲಿಸುವುದರ ಕುರಿತಾದುದು. ಫೋರ್ಟು, ಪರೇಲು, ಬೈಕಲಾಗಳ ಒಂದು ಕೋಣೆಯ ಬಿಡಾರವನ್ನು ಬಿಟ್ಟು ಠಾಣೆ ಖಾಡಿಯ ಆಚೆಗಿನ ವಾಶಿಗೋ ನೆರೂಳಿಗೋ ಖಾರ್ಘರಕ್ಕೋ ಹೋಗೋಣವೆಂದು ತಂದೆ ಹೇಳುತ್ತಾರೆ. ಮಕ್ಕಳ ಶಾಲೆಯ ಗತಿಯೇನೆಂದು ತಾಯಿ ಕೇಳುತ್ತಾರೆ. ಅಜ್ಜಿ ಏನನ್ನೂ ಹೇಳುವುದಿಲ್ಲ. ಇಂಥ ಚರ್ಚೆಯಲ್ಲಿ ಮಕ್ಕಳ ಅಭಿಪ್ರಾಯವನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ಮನೆ ಮಾರುವವರ ಜಾಹೀರಾತುಗಳೆಲ್ಲ ಮಕ್ಕಳ ಹೆಸರಿನಲ್ಲಿಯೇ ಹೊರಡುವುದರಿಂದ, 'ಸಂಸಾರಸ್ಥರಿಗೆ ಯೋಗ್ಯವಾದ ಬಡಾವಣೆ' ಎಂಬ ಮಾತನ್ನು ವಿದ್ಯಾರ್ಥಿಗಳಾದ ನೀವೂ ಒರೆಗೆ ಹಚ್ಚಿ ನೋಡುವುದು ಉಚಿತವೆಂದು ನನಗೆ ತೋರುತ್ತದೆ.

ನನ್ನ ಮತವಿಷ್ಟು: ಒಂದು ಊರು ಸಂಸಾರಕ್ಕೆ ಯೋಗ್ಯವೋ ಅಲ್ಲವೋ ಎಂಬುದನ್ನು ಸ್ವಂತ ವಾಹನವಿಲ್ಲದವರು ನಿರ್ಣಯಿಸಬೇಕು. ಹತ್ತು ವರ್ಷದ ಹುಡುಗಿ ಒಬ್ಬಳೇ ನಡೆದು ಶಾಲೆಗೆ ಹೋಗಬಲ್ಲಳೆ? ಎಪ್ಪತ್ತು ವರ್ಷದ ಅಜ್ಜಿ ಯಾರ ಹಂಗೂ ಇಲ್ಲದೆ ಕೊತ್ತಂಬರಿ ಸೊಪ್ಪು ತರಬಲ್ಲಳೆ? ಉಳಿದ ಸೌಕರ್ಯಗಳ ಮಾತು ಆಮೇಲೆ.

ನವಿ ಮುಂಬಯಿಯನ್ನು ಕಲ್ಪಿಸಿದವರ ಮನಸ್ಸಿನಲ್ಲಿ ಈ ವಿಚಾರ ಇದ್ದೇ ಇತ್ತು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಎಂಬ ಮೂವರು 'ಮಾರ್ಗ್' ಪತ್ರಿಕೆಯಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಮುಂಬಯಿ ಉತ್ತರಕ್ಕೆ ಬಾಲದಂತೆ ಬೆಳೆಯುತ್ತ ಹೋಗುವುದಕ್ಕಿಂತ ಪೂರ್ವದ ಖಾಡಿಯನ್ನು ದಾಟಿ ಮುಖ್ಯಭೂಮಿಯಲ್ಲಿ ಇನ್ನೊಂದು ನಗರವೇ ಆಗಲಿ, ಅಲ್ಲಿಯೇ ಕಚೇರಿ, ಅಲ್ಲಿಯೇ ಮನೆ ಇರಲಿ ಎಂಬುದು ಅದರ ತಿರುಳು. 1970ರ ಮಾರ್ಚಿಯಲ್ಲಿ ಈ ಕಾರ್ಯಕ್ಕಾಗಿ ಸಿಡ್ಕೋ ನಿಗಮ ಹುಟ್ಟಿತು. 95 ಹಳ್ಳಿಗಳನ್ನೊಳಗೊಂಡ 344 ಚದರ ಕಿಲೋಮೀಟರು ಪ್ರದೇಶವನ್ನು ಹಲವು ಉಪನಗರಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಸೆಕ್ಟರುಗಳಾಗಿ ಒಡೆದು, ಶಾಲೆ, ಪೇಟೆ, ಮೈದಾನಗಳಿಗೆ ಮೊದಲೇ ಜಾಗವನ್ನು ಗುರುತಿಸಿಟ್ಟರು. ಮುಂಬಯಿಯ ಹಳೆಯ ಬೀದಿಗಳಲ್ಲಿ ಆಟದ ಬಯಲಿಗಾಗಿ ಪರದಾಡುವ ನಿಮಗೆ ಇದರ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಬೇಲಾಪುರದ ಸೆಕ್ಟರು 8ರಲ್ಲಿ ಕೊರಿಯಾ ಅವರೇ 1980ರ ದಶಕದಲ್ಲಿ ರಚಿಸಿದ ವಸತಿಯೊಂದಿದೆ. ಜನ ಅದನ್ನು ಆರ್ಟಿಸ್ಟ್ಸ್ ವಿಲೇಜ್ ಎಂದು ಕರೆಯುತ್ತಾರೆ. ಅಲ್ಲಿ ಏಳು ಮನೆಗಳು ಒಂದು ಅಂಗಳವನ್ನು ಸುತ್ತುವರಿದು ನಿಂತಿವೆ. ಅಂಥ ಮೂರು ಗುಂಪುಗಳು ಸೇರಿ 21 ಮನೆಗಳಿಗೆ ಇನ್ನೊಂದು ದೊಡ್ಡ ಅಂಗಳ. ಅಂಥವು ಮೂರು ಕೂಡಿದರೆ ಮತ್ತೂ ದೊಡ್ಡದೊಂದು. ಅಡಿಗೆಮನೆಯ ಕೆಲಸದಲ್ಲಿರುವ ತಾಯಿಗೆ ಹೊರಗೆ ಆಡುವ ಕೂಸಿನ ಧ್ವನಿ ಕೇಳಿಸುವಷ್ಟು ಹತ್ತಿರ. ಎರಡು ಮನೆಗಳಿಗೆ ಸೇರಿದ ಗೋಡೆಯೆಂಬುದು ಇಲ್ಲವಾದುದರಿಂದ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಪ್ರತಿಯೊಬ್ಬನೂ ತನ್ನ ಮನೆಯನ್ನು ತಾನೇ ಬೆಳೆಸಿಕೊಳ್ಳಬಹುದಾಗಿತ್ತು. ಹಾಗೆಯೇ ಬೆಳೆಸಿಕೊಂಡರು; ಎಷ್ಟೋ ಮಂದಿ ಮೊದಲಿನ ಮನೆಯನ್ನು ಕೆಡವಿ ಅದಕ್ಕಿಂತ ದೊಡ್ಡದನ್ನು ಕಟ್ಟಿದರು. ವಾಸ್ತುಶಿಲ್ಪವನ್ನು ಬಲ್ಲವರು ಇದಕ್ಕಾಗಿ ಮರುಗುವುದುಂಟು. ನನಗೆ ಅಷ್ಟು ಮರುಕವಿಲ್ಲ. ಅಂಗಳಗಳು ಉಳಿದಿವೆ, ಅದೇ ದೊಡ್ಡದು. ಮೈಸೂರು ಕಡೆಯ ವಠಾರದಲ್ಲಿ ಬೆಳೆದವರಿಗೂ ಕರಾವಳಿಯ ಮನೆಯಂಗಳದಲ್ಲಿ ಆಡಿದವರಿಗೂ ಆ ಜಾಗ ಪರಕೀಯವೆನಿಸದು.

ಇನ್ನು ಇತ್ತೀಚೆಗೆ ಎದ್ದುನಿಂತಿರುವ ಮುಗಿಲೆತ್ತರದ ಸಂಕೀರ್ಣಗಳ ಕಡೆಗೆ ನೋಡಿರಿ. ಸುತ್ತ ಎತ್ತರದ ಗೋಡೆ, ಬಾಗಿಲಿನಲ್ಲಿ ಕಾವಲುಗಾರ, ಒಳಗೆ ಈಜುಕೊಳ. ಮಕ್ಕಳು ಕ್ಷೇಮವಾಗಿರುವುದು ನಿಜ. ಆದರೆ ಗೋಡೆಯ ಹೊರಗಿನ ಆರು ಸಾಲಿನ ರಸ್ತೆಯನ್ನು ದಾಟುವುದು ಅವರಿಂದಾಗದು. ಎದುರಿನ ಸಂಕೀರ್ಣದಲ್ಲಿರುವ ಸಹಪಾಠಿಯನ್ನು ಕಾಣಬೇಕಾದರೂ ತಂದೆ ಕಾರು ತೆಗೆಯಬೇಕು. ಹದಿನೆಂಟನೆಯ ಅಂತಸ್ತಿನ ಅಜ್ಜಿಗೆ ಕಿಟಕಿಯಿಂದ ಖಾಡಿಯೂ ಪಾರಸಿಕದ ಗುಡ್ಡಗಳೂ ಸೊಗಸಾಗಿ ಕಾಣುತ್ತವೆ. ಮಾತನಾಡಲು ಮಾತ್ರ ಯಾರೂ ಕಾಣುವುದಿಲ್ಲ.

ಹಾಗೆಂದು ಚಾಳಿನ ಜೀವನವನ್ನು ನಾನು ಹೊಗಳಲಾರೆ. ನಲ್ಲಿಯ ನೀರಿಗಾಗಿ ಬೆಳಗಿನ ನಾಲ್ಕು ಗಂಟೆಗೆ ಏಳುವುದು, ಮಹಡಿಗೊಂದೇ ಶೌಚಾಲಯ, ಓದುವುದಕ್ಕೆ ಒಂದು ಮೂಲೆಯೂ ಇಲ್ಲದಿರುವುದು, ಇವುಗಳಲ್ಲಿ ಯಾವ ಕಾವ್ಯವೂ ಇಲ್ಲ. ಅದನ್ನು ಬಿಟ್ಟುಹೋಗುವ ತಾಯಿಯನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ.

ಹೊಸ ನಗರದ ನಿಜವಾದ ಕೊರತೆ ಬೇರೊಂದು ಕಡೆಗಿದೆ. ಕಚೇರಿಗಳೂ ಮನೆಗಳೂ ಜೊತೆಯಾಗಿ ಖಾಡಿ ದಾಟಬೇಕೆಂಬುದು ಮೂಲ ಸಂಕಲ್ಪವಷ್ಟೆ. ಮನೆಗಳು ದಾಟಿದವು. ಸಗಟು ಮಾರುಕಟ್ಟೆ ಮುಂಬಯಿಯಿಂದ ತುರ್ಭೆಗೆ ಬಂತು. ಆದರೆ ರಾಜ್ಯದ ಸಚಿವಾಲಯ ಇಂದಿಗೂ ದಕ್ಷಿಣ ಮುಂಬಯಿಯಲ್ಲಿಯೇ ಇದೆ. ಯೋಜನೆ ಕೈಗೊಂಡ ಮೇಲೆಯೂ ನರಿಮನ್ ಪಾಯಿಂಟಿನಲ್ಲಿ ಸಮುದ್ರವನ್ನು ತುಂಬಿದ ನೆಲದ ಮೇಲೆ ಕಚೇರಿಗಳು ಏಳುತ್ತಲೇ ಹೋದವು. ರೈಲು ವಾಶಿಯನ್ನು ಮುಟ್ಟಿದುದಂತೂ 1992ರಲ್ಲಿ, ನಿಗಮ ಹುಟ್ಟಿ 22 ವರ್ಷಗಳಾದ ಮೇಲೆ. ಈಗ ಐರೋಳಿ, ಮಹಾಪೆಗಳಲ್ಲಿ ಸಾಕಷ್ಟು ಉದ್ಯೋಗಗಳಿದ್ದರೂ ಫೋರ್ಟಿನಲ್ಲಿ ದುಡಿಯುವ ನೆರೂಳಿನ ತಂದೆಗೆ ಹಾರ್ಬರ್ ಮಾರ್ಗದ ರೈಲಿನಲ್ಲಿಯೇ ಹೋಗಲು ಒಂದು ತಾಸು, ಬರಲು ಒಂದು ತಾಸು ಹಿಡಿಯುತ್ತದೆ. ಹೋಟೆಲು ನಡೆಸುವವರ ವಿಷಯ ಕೇಳುವುದೇ ಬೇಡ. ಅವರು ಮರಳುವಾಗ ಮಕ್ಕಳು ಮಲಗಿರುತ್ತಾರೆ, ಹೊರಡುವಾಗ ಎದ್ದಿರುವುದಿಲ್ಲ. ಎರಡು ಕೋಣೆ ಹೆಚ್ಚು ಸಿಕ್ಕಿತು, ತಂದೆಯ ಸಂಜೆ ಹೋಯಿತು. ಈ ಲೆಕ್ಕವನ್ನು ಯಾವ ಜಾಹೀರಾತೂ ಕೊಡುವುದಿಲ್ಲ.

ಆ ನೆಲಕ್ಕೆ ಬೆಲೆ ತೆತ್ತವರು ಇನ್ನೂ ಒಂದು ತರದ ಜನರಿದ್ದಾರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಸೆಕ್ಟರು ಎನ್ನುವಲ್ಲಿ ಆಗ್ರಿ, ಕೋಲಿ ಜನರ ಭತ್ತದ ಗದ್ದೆಗಳೂ ಉಪ್ಪಿನ ಆಗರಗಳೂ ಇದ್ದವು. ನ್ಯಾಯವಾದ ಪರಿಹಾರವನ್ನು ಕೇಳಿ ನಡೆದ ಚಳವಳಿಯಲ್ಲಿ 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ಗೋಲೀಬಾರಾಗಿ ಐವರು ಪ್ರಾಣ ತೆತ್ತರು. ವಶಪಡಿಸಿಕೊಂಡ ಭೂಮಿಯ ನೂರಕ್ಕೆ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಕ್ರಮ ಆ ಹೋರಾಟದ ಫಲ.

ಕೊನೆಗೆ ನಮ್ಮ ಭಾಷೆಯ ವಿಷಯ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ಕಾಲದಲ್ಲಿ ಕನ್ನಡ ಶಾಲೆ ಬಿಡಾರದಿಂದ ನಡೆದು ಹೋಗುವಷ್ಟು ಸಮೀಪದಲ್ಲಿತ್ತು. ಸಂಸಾರ ಖಾಡಿ ದಾಟಿದೊಡನೆ ಆ ನಂಟು ಕಡಿಯುತ್ತದೆ. ಹೊಸ ಉಪನಗರಗಳ ಶಾಲೆಗಳಲ್ಲಿ ಬಹುಪಾಲು ಇಂಗ್ಲಿಷ್ ಮಾಧ್ಯಮದವು. ಆದುದರಿಂದಲೇ ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಕಿಕ್ಕಿರಿದ ರೈಲಿನಲ್ಲಿ ಚೀಲವನ್ನು ಎದೆಗವಚಿಕೊಂಡು ಇಲ್ಲಿಗೆ ಬರುತ್ತೀರಿ. ಇನ್ನು ಕೆಲವರ ತಮ್ಮತಂಗಿಯರು ಬರುವುದೇ ಇಲ್ಲ. ತರಗತಿಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿರುವುದಕ್ಕೆ ಅಭಿಮಾನದ ಕೊರತೆಯೇ ಕಾರಣವೆಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಅರ್ಧ ಕಾರಣವನ್ನಾದರೂ ರೈಲಿನ ವೇಳಾಪಟ್ಟಿಯಲ್ಲಿ ಹುಡುಕಬೇಕೆಂದು ನಾನು ಹೇಳುತ್ತೇನೆ.

ವಾಶಿ, ನೆರೂಳು, ಪನವೇಲುಗಳಲ್ಲಿ ಸಾಲುಸಾಲಾಗಿ ಶಾಲಾಕಟ್ಟಡಗಳಿವೆ. ರವಿವಾರ ಅವೆಲ್ಲ ಬರಿದಾಗಿರುತ್ತವೆ. ಅವುಗಳಲ್ಲಿ ಒಂದೊಂದು ಕೋಣೆಯನ್ನು ಎರಡು ತಾಸಿನ ಮಟ್ಟಿಗೆ ಕನ್ನಡದ ಪಾಠಕ್ಕಾಗಿ ಕೇಳುವುದು ನಮ್ಮ ಸಂಘಗಳಿಗೆ ಅಸಾಧ್ಯವೇನಲ್ಲ. ಕಲಿಸುವುದಕ್ಕೆ ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ಆಯಾ ಸೆಕ್ಟರುಗಳಲ್ಲಿಯೇ ವಾಸವಾಗಿದ್ದಾರೆ. ಹದಿನೆಂಟನೆಯ ಅಂತಸ್ತಿನ ಅಜ್ಜಿಯಂದಿರನ್ನೂ ಕರೆಯಬಹುದು; ಕಥೆ ಹೇಳುವುದಕ್ಕೆ ಅವರಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ?